ಭಾರ ಹೇರಿದರೆ ಮಾತ್ರ ಬರುವ ಸದ್ದು

ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಮಕ್ಕಳ ಕಡೆ ಮುಖ ಮಾಡಿಕೊಂಡೇ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ನನ್ನದೇ ಕಾರಿನ ಬಾನೆಟ್ ಎತ್ತಿದಾಗ ಒಳಗೆ ಕಾಣುವುದಕ್ಕೂ ಆ ಚಿತ್ರಕ್ಕೂ ದೂರದ ನೆಂಟಸ್ತಿಕೆಯೂ ಇದ್ದಂತೆ ತೋರುವುದಿಲ್ಲ. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಕಾರು ಹಳೆಯದು, ಅದಕ್ಕೆ ನಾನು ಮೂರನೆಯ ಯಜಮಾನ. ಹೋದ ಬೇಸಿಗೆಯಲ್ಲಿ ಅದಕ್ಕೊಂದು ಸದ್ದು ಹತ್ತಿಕೊಂಡಿತು. ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ, ಕಟಕಟಕಟ. ನಾನೊಬ್ಬನೇ ಶಾಲೆಗೆ ಹೋಗುವಾಗ ಸದ್ದಿಲ್ಲ. ಶಹಾಪುರದ ನಮ್ಮ ಖಾಜಾ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದರಂತೂ ಎಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತದೆ. ಡಾಕ್ಟರ ಎದುರು ಕುಳಿತ ಕೂಡಲೇ ಹೊಟ್ಟೆನೋವು ಮಾಯವಾಗಿ, ಇವನು ಸುಳ್ಳುಗಾರ ಎಂದು ಡಾಕ್ಟರು ತಿಳಿದುಕೊಳ್ಳುವುದಿಲ್ಲವೇ, ಹಾಗೆ.

ಸದ್ದು ಬರುತ್ತಿದ್ದುದು ಸಗರದಲ್ಲಿರುವ ನನ್ನ ಹೆಂಡತಿಯ ತವರಿನವರು ಹತ್ತಿದಾಗ. ಒಂದು ಭಾನುವಾರ ಸುರಪುರದಲ್ಲಿ ನೆಂಟರ ಮಗುವಿಗೆ ತೊಟ್ಟಿಲು. ಅತ್ತೆ, ಹೆಂಡತಿ ಶರಣಮ್ಮ, ಅವಳ ಅಣ್ಣ ಭೀಮರಾಯ, ಹಿಂದೆ ಎರಡು ಚೀಲ ಜೋಳ. ಸುರಪುರದ ಏರು ಶುರುವಾಯಿತು, ಕಟಕಟವೂ ಶುರುವಾಯಿತು. ನಾನು ಹೆಂಡತಿಯ ಕಡೆ ಬಾಗಿ ಮೆಲ್ಲಗೆ, “ನಿಮ್ಮ ಮಂದಿ ಹತ್ತಿದಾಗಷ್ಟ ನರಳ್ತದ ನೋಡು ಇದು” ಅಂದೆ.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಕಿವಿಗೆ ಬಂದಿರಲಿಲ್ಲ.

ವಾಪಸು ಬರುವಾಗ ಅವರು ಬಸ್ಸು ಹತ್ತಿದರು. ಎರಡು ವಾರ ಬಿಟ್ಟು ಸೋಮವಾರ ಯಾದಗಿರಿಯಲ್ಲಿ ಅವರ ಕಣ್ಣಿನ ಆಪರೇಷನ್ ಇತ್ತು. ಅದಕ್ಕೂ ಬಸ್ಸಿಗೇ ಹೋಗುವುದಾಗಿ ಹೇಳಿ ಕಳಿಸಿದರು. ಕಣ್ಣು ಮಂಜಾದ ಮುದುಕಿ ಬಸ್‌ಸ್ಟ್ಯಾಂಡಿನಲ್ಲಿ ತಡಕಾಡುವ ಚಿತ್ರ ನನ್ನ ಊಟ ಕೆಡಿಸಿತು. ಶರಣಮ್ಮ ಅಡುಗೆ ಮಾಡಿ ಬಡಿಸುತ್ತಿದ್ದಳು. ಮಾತು ಮಾತ್ರ ಬಡಿಸುತ್ತಿರಲಿಲ್ಲ.

ಖಾಜಾ ಮಿಸ್ತ್ರಿಯ ಹತ್ತಿರ ಓಡಿದೆ. ಅವರು ಬೀಡಿ ಆರಿಸಿ ಹೇಳಿದರು: “ಖಾಲಿ ಗಾಡಿ ಸುಳ್ಳು ಹೇಳ್ತದ್ರಿ ಸರ. ಅದ ಮಂದಿ, ಅದ ಲೋಡು, ಅದ ಏರು ಬೇಕು. ಆವಾಜ್ ಕೇಳಿದ ಮ್ಯಾಲ ಹೇಳ್ತೀನಿ.”

“ಕಲ್ಲು ಹೇರಿದ್ರ ನಡಿಯಂಗಿಲ್ಲೇನ್ರಿ?”

“ಕಲ್ಲು ಹೇರಿ ಸೀಟು ಹರ್ಕೋತೀರೇನು?”

ಹೀಗಾಗಿ, ಯಾರು ಕುಳಿತರೆ ಗಾಡಿ ನರಳುತ್ತದೆ ಎಂದಿದ್ದೆನೋ ಅವರ ಮನೆಗೇ ಹೋಗಿ, ದಯವಿಟ್ಟು ಬಂದು ಕುಳಿತು ನರಳಿಸಿ ಕೊಡಿ ಎಂದು ಕೇಳುವ ಪ್ರಸಂಗ ಬಂತು. ಅತ್ತೆ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆಯನ್ನು ಬೆರಳಿನಿಂದಲೇ ತಡವಿ ಹರಳು ಆರಿಸುತ್ತಿದ್ದರು.

“ಆವತ್ತ ನಮ್ಮ ತೂಕ ಹೆಚ್ಚಾಗಿತ್ತು. ಈಗ ತೂಕ ಬೇಕೇನ್ರಿ ಮಾಸ್ತರ್ರ?”

“ಬೇಕ್ರಿ” ಅಂದೆ. ಜೀವಮಾನದಲ್ಲಿ ಅಷ್ಟು ಚಿಕ್ಕ ಉತ್ತರ ಕೊಟ್ಟ ನೆನಪಿಲ್ಲ.

“ನಾ ಬರಂಗಿಲ್ಲ. ನಮ್ಮ ಟಗರು ಒಯ್ರಿ. ಹೆಚ್ಚುಕಮ್ಮಿ ನನ್ನಷ್ಟ ತೂಗ್ತದ. ಅದಕ್ಕ ಏನಂದ್ರೂ ಮನಸಿಗಿ ಹಚ್ಕೊಳ್ಳಂಗಿಲ್ಲ.”

ಮರುದಿನ ಕಾರು ಹೊರಟ ಚೆಂದವನ್ನು ನೀವು ನೋಡಬೇಕಿತ್ತು. ಮುಂದೆ ಮಿಸ್ತ್ರಿ, ಹಿಂದೆ ಭೀಮರಾಯ ಮತ್ತು ಶರಣಮ್ಮ, ನಡುವೆ ಅತ್ತೆಯ ಜಾಗದಲ್ಲಿ ಟಗರು, ಡಿಕ್ಕಿಯಲ್ಲಿ ಅದೇ ಎರಡು ಚೀಲದಷ್ಟು ಜೋಳ. ದಾರಿಯಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. ನನಗೋ ಟಗರಿಗೋ ತಿಳಿಯಲಿಲ್ಲ.

ಏರಿನಲ್ಲಿ ಸದ್ದು ಹಾಜರಾಯಿತು. ಮಿಸ್ತ್ರಿ ಕಿವಿಯನ್ನು ಕಿಟಕಿಯಾಚೆ ಇಟ್ಟು, “ಆಕ್ಸಲೇಟರ್ ಬಿಡ್ರಿ” ಅಂದರು. ಸದ್ದು ನಿಂತಿತು. “ಒತ್ರಿ.” ಬಂತು. ಮೂರು ಸಲ ಹೀಗೆ ಮಾಡಿಸಿದರು.

“ಬೇರಿಂಗ್ ಹೋಗಿದ್ರ ಧಬ್ ಧಬ್ ಅಂತ ಭಾರಿ ಬಡೀತಿತ್ರಿ. ಇದು ಆ ಜಾತಿ ಅಲ್ಲ. ಬಾಜೂಕ ನಿಂದ್ರಸ್ರಿ.”

ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ದುಂಡನೆಯ ಡಿಸ್ಟ್ರಿಬ್ಯೂಟರನ್ನು ಬೆರಳಿನಿಂದ ತೋರಿಸಿದರು. ಅದರ ಬುಡದಲ್ಲಿ ನಾನು ಎಂದೂ ನೋಡದ ಒಂದು ಗುರುತಿನ ಗೆರೆ ತನ್ನ ಜಾಗ ಬಿಟ್ಟು ಸರಿದಿತ್ತು. “ಇದನ್ನ ಯಾರ್ ತಿರುವ್ಯಾರ್ರಿ?”

ಎಲ್ಲರೂ ನನ್ನನ್ನು ನೋಡಿದರು. ಟಗರೂ.

ಹೇಳಲೇಬೇಕಾಯಿತು. ಕೆಂಭಾವಿಯ ಸಂತೆಗೆ ಹೋದಾಗ ಯಾರೋ ಒಬ್ಬ, ಇದನ್ನು ಒಂದು ನೂಲಿನಷ್ಟು ತಿರುವಿದರೆ ಮೈಲೇಜು ಹೆಚ್ಚುತ್ತದೆ ಎಂದಿದ್ದ. ವಿಜ್ಞಾನದ ಮಾಸ್ತರನಾದ ನಾನು ಎರಡು ನೂಲು ತಿರುವಿಸಿಕೊಂಡು ಬಂದಿದ್ದೆ.

“ಪಿಸ್ಟನ್ ಇನ್ನಾ ಮ್ಯಾಲ ಬರಾಕತ್ತಿರ್ತದ, ಅಷ್ಟರಾಗ ಕಿಡಿ ಬೀಳಾಕತ್ತದ” ಎಂದರು ಮಿಸ್ತ್ರಿ. “ವ್ಯಾಳ್ಯಾಕಿಂತ ಮೊದ್ಲ ಉರಿ ಹತ್ತಿ ಎದುರು ಬಡೀತದ. ಖಾಲಿ ಇದ್ದಾಗ ತಡ್ಕೋತದ. ಲೋಡ್ ಬಿದ್ರ ಬಾಯಿ ಬಿಡ್ತದ.”

ಇದೇ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ, ಪರೀಕ್ಷೆಯಲ್ಲೂ ಕೇಳುತ್ತೇನೆ.

ಆಗ ಶರಣಮ್ಮ ಮಾತಾಡಿದಳು, ನನ್ನೊಡನೆ ಅಲ್ಲ: “ವ್ಯಾಳ್ಯಾಕಿಂತ ಮೊದ್ಲ ಬಾಯಿ ಬಿಡೋದು ಗಾಡಿ ಒಂದ ಅಂತ ತಿಳ್ಕೋಬ್ಯಾಡ್ರಿ ಮಿಸ್ತ್ರಿ.”

ಮಿಸ್ತ್ರಿ ತಲೆ ಬಗ್ಗಿಸಿ ಪಾನಾ ಹಾಕಿ ಸಡಿಲಿಸಿ, ಗೆರೆ ತನ್ನ ಜಾಗಕ್ಕೆ ಬರುವಷ್ಟು ಹಿಂದಕ್ಕೆ ತಿರುವಿ ಬಿಗಿದರು. ಕೆಳಗಿಳಿದು ಮತ್ತೆ ಹತ್ತಿದೆವು. ಟಗರು ಮೆಲುಕು ಹಾಕುವುದೊಂದು ಬಿಟ್ಟರೆ ಬೇರೆ ಸದ್ದಿಲ್ಲ.

ಸಗರಕ್ಕೆ ಹೋಗಿ ಅತ್ತೆಯ ಮುಂದೆ ನಿಂತು, “ತಪ್ಪು ನಂದರಿ. ನಿಮ್ಮ ತೂಕದ್ದಲ್ಲ” ಎಂದೆ. ಅವರು ನನಗೆ ಉತ್ತರ ಕೊಡದೆ ಮಗನನ್ನು ಕೇಳಿದರು: “ಟಗರು ಏನಂತೋ?”

“ಏನೂ ಅನ್ನಲಿಲ್ಲವ್ವ. ಸೀಟಿನ ಮ್ಯಾಲ ಹಿಕ್ಕಿ ಹಾಕ್ತು.”

“ಹಂಗಾದ್ರ ಆರಾಮ ಕುಂತಿತ್ತು” ಎಂದು ಅತ್ತೆ ಒಳಗೆ ಹೋಗಿ ಚಹಾ ಇಟ್ಟರು.

ಸೋಮವಾರ ಕಾರಿನಲ್ಲೇ ಬಂದರು. ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ವಾಪಸು ಬರುವಾಗ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಮುದನಾಳ ದಾಟಿದರೂ ನಾನು ಬಾಯಿ ತೆರೆದಿರಲಿಲ್ಲ.

“ಯಾಕ್ರಿ ಮಾಸ್ತರ್ರ, ಸುಮ್ಮ ಕುಂತೀರಿ? ಏನರ ಮಾತಾಡ್ರಿ. ಹಾದಿ ಸರಿಯಂಗಿಲ್ಲ.”

ನಾಲಿಗೆಗೆ ಮೊದಲು ಬಂದದ್ದನ್ನು ನುಂಗಿಕೊಂಡೆ. ಎರಡನೆಯದನ್ನೂ ನುಂಗಿಕೊಂಡೆ. ಮೂರನೆಯದನ್ನು ಹೇಳಿದೆ. ಅವರು ನಕ್ಕರು.