ಗಿರಿಜಾಳ ಜತೆ ಸ್ಕ್ಯಾನಿಗೆ ಹೋದದ್ದು

ಕಂಪ್ಲಿಯಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದೆ. ಹೊಸಪೇಟೆಗೆ ಒಂದು ತಾಸು, ಹದಿನೈದು ರೂಪಾಯಿ ಟಿಕೆಟ್ಟು. ಅಲ್ಲಿಂದ ಸಂಡೂರಿಗೆ ಮಾತ್ರ ಅದಿರಿನ ಲಾರಿಗಳ ಹಿಂದೆ ತೆವಳುತ್ತ ಎರಡೂವರೆ ತಾಸು ಹಿಡಿಯಿತು. ಇಳಿದಾಗ ನನ್ನ ಬಿಳಿ ಸೀರೆ ಧೂಳಿಗೆ ಕೆಂಪಾಗಿತ್ತು. ಆ ಲಾರಿಗಳಲ್ಲಿ ಹನ್ನೊಂದು ನನ್ನ ತಂಗಿ ಗಿರಿಜಾಳ ಗಂಡನವು.

ಅವ್ವ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಹೋಗಿ ವರ್ಷವಾಗಿತ್ತು. ಮಕ್ಕಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಕರುಳಿನೊಳಗೆ ಹಾಕುವ ಕ್ಯಾಮೆರಾದ ಉದ್ದನೆಯ ಟ್ಯೂಬಿಗೆ ನಾವಿಬ್ಬರೂ ಹೆದರಿದ್ದೆವು. ಹೊಸಪೇಟೆಯಲ್ಲಿ ಸ್ಕ್ಯಾನಿನಲ್ಲೇ ಕರುಳು ನೋಡುತ್ತಾರೆಂದು ತಿಳಿದು ಗಿರಿಜಾಳೇ ಇಬ್ಬರ ಹೆಸರನ್ನೂ ಬರೆಸಿದ್ದಳು.

ಹಿಂದಿನ ದಿನ ಹೊಟ್ಟೆ ಪೂರ್ತಿ ಖಾಲಿಯಾಗಬೇಕು. ಊಟವಿಲ್ಲ, ಗಂಜಿಯ ತಿಳಿ, ಆಮೇಲೆ ಭೇದಿಯ ಔಷಧ. ಅದಕ್ಕೇ ಒಂದು ದಿನ ಮೊದಲೇ ಸಂಡೂರಿನ ಅವಳ ಮನೆಗೆ ಬಂದಿದ್ದೆ.

"ಜಗಳಿಲ್ಲ ಬಿಡಕ್ಕ, ಮನ್ಯಾಗ ನಾಕು ಬಾತ್‌ರೂಮದಾವ," ಎಂದು ಗಿರಿಜಾ ನಕ್ಕಳು. ನಾನು ಶಾಲೆಯಲ್ಲಿ ಕಲಿಸತೊಡಗಿ ಇಪ್ಪತ್ತು ವರ್ಷವಾದರೂ ನಮ್ಮ ಮನೆಯ ಪಾಯಖಾನೆ ಇನ್ನೂ ಹಿತ್ತಿಲಲ್ಲೇ ಇತ್ತು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಕಿಚ್ಚೊಂದು ಉಳಿಯಿತು.

ಮರುದಿನ ಅವಳ ತಣ್ಣನೆಯ ಕಾರಿನಲ್ಲಿ ಹೊಸಪೇಟೆಗೆ ಬಂದೆವು. ಮೊದಲು ನನ್ನ ಸರದಿ. ಸಣ್ಣ ನಳಿಕೆಯಿಂದ ಕರುಳಿಗೆ ಗಾಳಿ ತುಂಬಿದರು. ಹೊಟ್ಟೆ ಬಿಗಿದುಕೊಂಡಿತು, ಅಂಥ ನೋವೇನಿಲ್ಲ. "ಉಸುರು ಹಿಡೀರಿ ಟೀಚರ್. ಈಗ ಬೋರಲು ಮಲಕ್ಕೊಳ್ರಿ," ಎಂದ ಸ್ಕ್ಯಾನಿನ ಹುಡುಗ. ಕಾಲು ತಾಸಿನಲ್ಲಿ ಮುಗಿಯಿತು. ಮಂಪರು ಬರಿಸುವ ಇಂಜೆಕ್ಷನ್ನೂ ಇಲ್ಲ.

ಮಧ್ಯಾಹ್ನ ಡಾಕ್ಟರು ಕಂಪ್ಯೂಟರಿನಲ್ಲಿ ನಮ್ಮ ಕರುಳುಗಳನ್ನು ತೋರಿಸಿದರು. ಮಡಿಕೆ ಮಡಿಕೆಯಾದ ಸುರಂಗದಂತಿದ್ದವು. ನನ್ನದರಲ್ಲಿ ಏನೂ ಕಾಣಲಿಲ್ಲ. ಗಿರಿಜಾಳದರಲ್ಲಿ ಕಡಲೆಕಾಳಿನಷ್ಟು ಒಂದು ಗಡ್ಡೆ.

"ಇದು ಕ್ಯಾನ್ಸರೇ ಅಂತಲ್ಲರಿ. ಆದ್ರ ಸ್ಕ್ಯಾನಿಂದ ತೆಗಿಯಾಕ ಬರಂಗಿಲ್ಲ. ಇದಕ್ಕ ಟ್ಯೂಬೇ ಹಾಕಬೇಕು."

ನಿಜ ಹೇಳುತ್ತೇನೆ: ನನಗೆ ಮೊದಲು ಹೊಳೆದದ್ದು, ಇದೊಂದರಲ್ಲಾದರೂ ನಾನು ಗೆದ್ದೆ ಎಂದು.

ಗಿರಿಜಾ ನನ್ನ ಕೈ ಹಿಡಿದಳು. "ನಿನಗೇನಿಲ್ಲಂದ್ರಲ್ಲಕ್ಕ! ಭಾಳ ಚಲೋ ಆತು," ಎಂದಳು. ಬಾಯಿಮಾತಲ್ಲ, ಅವಳ ಕಣ್ಣು ತುಂಬಿದ್ದವು. ಅಂಥ ಹೊತ್ತಿನಲ್ಲೂ ನನಗಾಗಿ ಖುಷಿಪಡಬಲ್ಲ ಅವಳ ಮನಸ್ಸನ್ನು ಕಂಡು ನನಗೆ ಮನೆ, ಕಾರು ಕಂಡಾಗಿನದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.

ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು ನಿಂತಿತ್ತು. ನಾನಿಳಿದೆ, ಅವಳು ಕಾರಿನೊಳಗಿಂದಲೇ ನನ್ನ ಚೀಲ ಕೊಟ್ಟಳು. "ಟ್ಯೂಬು ಹಾಕೋ ದಿನ ಬರ್ತೀಯೇನಕ್ಕ?" ಎಂದು ಮೆಲ್ಲಗೆ ಕೇಳಿದಳು.

ಕಂಡಕ್ಟರ್ ಸೀಟಿ ಊದಿದ. ನಾನು ಚೀಲವನ್ನು ಮತ್ತೆ ಕಾರಿನೊಳಗಿಟ್ಟು, "ಸರಿ ಅತ್ಲಾಗ, ಅಲ್ಲೀತನಕ ನಿನ್ನ ಮನ್ಯಾಗ ಇರ್ತೀನಿ," ಎಂದು ಅವಳ ಪಕ್ಕ ಕೂತೆ.