ಕೇಳಿಸಿಕೊಳ್ಳುವ ಮುಖ

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವಳು ನನ್ನ ವಿದ್ಯಾರ್ಥಿನಿ ಶಿವಲೀಲಾ. ಅದು ಕಾಯಿಲೆ ಎಂದು ಅವಳಿಗೂ ಗೊತ್ತಿರಲಿಲ್ಲ. ಇಡೀ ಕ್ಲಾಸು ನಗುತ್ತಿತ್ತು. ನಾನೂ ನಗುತ್ತಿದ್ದೆ, ಅಥವಾ ನಗುತ್ತಿದ್ದೇನೆ ಅಂದುಕೊಂಡಿದ್ದೆ.

ಬನಶಂಕರಿ ಕಡೆಯ ಒಂದು ದೈಹಿಕ ಶಿಕ್ಷಣ ಕಾಲೇಜಿನಲ್ಲಿ ನಾನು ಸಂಶೋಧನಾ ವಿಧಾನದ ಪಾಠ ಮಾಡುತ್ತೇನೆ. ಅಲ್ಲಿ ಸಂಶೋಧನೆ ಅಂದರೆ ಸ್ಟಾಪ್‌ವಾಚು, ಅಳತೆಯ ಟೇಪು, ಯಾರು ಎಷ್ಟು ದೂರ ಹಾರಿದರು ಎಂಬ ಲೆಕ್ಕ. ನನ್ನ ಪೇಪರು ಬೇರೆ, ಕ್ವಾಲಿಟೇಟಿವ್ ರಿಸರ್ಚ್. ಎಣಿಸುವ ಬದಲು ಕೂತು ನೋಡುವುದು, ಕೂತು ಕೇಳುವುದು. ಕಾಲು ಮುರಿದುಕೊಂಡ ಆಟಗಾರ ಎಷ್ಟು ವಾರಕ್ಕೆ ಮೈದಾನಕ್ಕೆ ಮರಳಿದ ಎಂಬುದನ್ನು ಬೇರೆಯವರು ಬರೆದುಕೊಳ್ಳಲಿ. ಆ ವಾರಗಳಲ್ಲಿ ಮನೆಯೊಳಗೆ ಅವನು ಯಾರ ಮೇಲೆ ರೇಗಿದ, ಯಾವುದಕ್ಕೆ ಹೆದರಿದ, ಗೆಳೆಯರು ನೋಡಲು ಬಂದಾಗ ಯಾಕೆ ನಿದ್ದೆ ಬಂದವನಂತೆ ಮಲಗಿದ, ಅದು ನಮಗೆ ಬೇಕು. "ಕಥೆ ಕೇಳೋದೂ ರಿಸರ್ಚಾ ಮೇಡಂ?" ಎಂದು ಸಹೋದ್ಯೋಗಿಗಳು ಕಾಲೆಳೆಯುತ್ತಿದ್ದರು. "ನಿಮ್ಮ ಸ್ಟಾಪ್‌ವಾಚಿಗಿಂತ ಕಷ್ಟ ಸಾರ್, ಒಂದ್ಸಲ ಬಂದು ಬಾಯಿ ಮುಚ್ಕೊಂಡು ಕೂತು ನೋಡಿ" ಎನ್ನುತ್ತಿದ್ದೆ.

ನನ್ನ ಹುಡುಗ ಹುಡುಗಿಯರು ಕಬಡ್ಡಿ, ಖೋ ಖೋ ಆಡಿ ಬಂದವರು. ಪುಟಗಟ್ಟಲೆ ಬರೆಯಿರಿ ಅಂದರೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಹಾಗಾಗಿ ವೀಕ್ಷಣೆಯ ಪಾಠಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಬೆಳಿಗ್ಗೆ ಯಾವುದಾದರೂ ಪಾರ್ಕಿಗೆ ಹೋಗಿ, ವಾಕಿಂಗ್ ಮಾಡುವ ಒಬ್ಬರನ್ನು ಚೆನ್ನಾಗಿ ನೋಡಿ, ಕ್ಲಾಸಿಗೆ ಬಂದು ಅವರ ಹಾಗೆ ನಡೆದು ತೋರಿಸಬೇಕು. ಬರೆಯುವುದು ಆಮೇಲೆ. ಕಂಡದ್ದನ್ನು ಮಾತ್ರ ತೋರಿಸಬೇಕು, ಅದರ ಅರ್ಥ ಹೇಳಬಾರದು. ಇದು ನಿಯಮ.

ಶಿವಲೀಲಾ ಗದಗಿನ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಅಣ್ಣನ ಬಾಡಿಗೆ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಒಳ್ಳೆಯ ಖೋ ಖೋ ಆಟಗಾರ್ತಿ, ಅಷ್ಟೇ ಒಳ್ಳೆಯ ತುಂಟಿ. ಆ ದಿನ ತನ್ನ ಸರದಿ ಬಂದಾಗ ಬಾಗಿಲಿಂದ ಬೋರ್ಡಿನವರೆಗೆ ನಡೆದಳು. ಬಿರುಸಾದ ನಡಿಗೆ. ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ಮುಂದಕ್ಕೆ ಬಾಗಿದ ಕುತ್ತಿಗೆ. ಬಲಗೈ ಬೀಸುತ್ತಿತ್ತು. ಎಡಗೈ ಬೀಸುತ್ತಿರಲಿಲ್ಲ. ಮೊಣಕೈ ಮಡಚಿ ಹೊಟ್ಟೆಯ ಹತ್ತಿರ ನಿಂತುಬಿಟ್ಟಿತ್ತು. ತಿರುಗುವಾಗ ಎಡಗಾಲು ನೆಲವನ್ನು ಸವರಿತು. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು.

"ಭೇಷ್. ಯಾರಮ್ಮ ಇದು?" ಎಂದೆ. "ಆ ಕೈಗೆ ಏನಾಗಿದೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ನೀವ ರೀ ಮೇಡಂ. ಮಿನಿ ಫಾರೆಸ್ಟ್ ಪಾರ್ಕಿನ್ಯಾಗ ನೋಡಿದ್ನಿ. ಕೈಯಾಗ ಏನೋ ಹಿಡ್ಕೊಂಡಾರ ಅಂದ್ಕೊಂಡೆ. ಏನೂ ಇರಲಿಲ್ರಿ."

ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದವಳೇ ನಮ್ಮ ಮನೆಯವರನ್ನು ಗೇಟಿನ ಹತ್ತಿರ ನಿಲ್ಲಿಸಿ, ಜೆ.ಪಿ. ನಗರದ ನಮ್ಮ ರಸ್ತೆಯ ಕೊನೆಯವರೆಗೆ ನಡೆದು ಬಂದೆ. "ನೀನು ಮೊದಲಿಂದಲೂ ಹೀಗೇ ಅಲ್ವಾ?" ಎಂದರು. ಅವರದ್ದೇನೂ ತಪ್ಪಿಲ್ಲ. ನಾನು ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಗ್ಯಾಸ್ ಆಫ್ ಆಗಿದೆಯಾ ನೋಡಿ ಬರುವವಳು. ಇಂಥವಳ ನಡಿಗೆಯಲ್ಲಿ ಏನು ಹೊಸದು, ಏನು ಹಳೆಯದು ಎಂದು ಮನೆಯವರು ಹೇಗೆ ಹೇಳಬೇಕು?

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯೊಂದರಲ್ಲಿ ನ್ಯೂರಾಲಜಿಸ್ಟ್ ನೋಡಿದರು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಿ ಎಂದರು. ಬಲಗೈ ತಟ್ಟಿತು. ಎಡಗೈ ತಟ್ಟುತ್ತಾ ತಟ್ಟುತ್ತಾ ಸಣ್ಣದಾಗಿ, ಸುಸ್ತಾಗಿ, ನಿಂತಿತು. ಕಾರಿಡಾರಿನಲ್ಲಿ ನಡೆಸಿದರು. ಆಮೇಲೆ, ಸಂಬಂಧವೇ ಇಲ್ಲದವರಂತೆ, "ವಾಸನೆ ಸರಿಯಾಗಿ ಬರುತ್ತಾ?" ಎಂದು ಕೇಳಿದರು. ಜಯನಗರದಲ್ಲಿ ನಾವು ಕಾಫಿಪುಡಿ ಮಾಡಿಸುವ ಅಂಗಡಿ ನೆನಪಾಯಿತು. ರಸ್ತೆಯ ತಿರುವಿನಲ್ಲೇ ಮೂಗಿಗೆ ಬಡಿಯುತ್ತಿದ್ದ ವಾಸನೆ ಎಷ್ಟೋ ಕಾಲದಿಂದ ಬಂದೇ ಇರಲಿಲ್ಲ. ಅಂಗಡಿಯವನು ಚಿಕೋರಿ ಜಾಸ್ತಿ ಹಾಕಿ ಮೋಸ ಮಾಡುತ್ತಿದ್ದಾನೆ ಎಂದು ನಾನು ಅವನ ಮೇಲೆ ಹರಿಹಾಯ್ದಿದ್ದೆ.

"ಪಾರ್ಕಿನ್ಸನ್ಸ್ ಅನ್ಸುತ್ತೆ ಮೇಡಂ. ಅರ್ಲಿ ಸ್ಟೇಜ್."

ಮಾತ್ರೆ ಶುರುವಾಯಿತು. ಊಟಕ್ಕೆ ಮೊದಲೇ ನುಂಗಬೇಕು, ಬೇಳೆ ಮೊಸರಿನ ಜೊತೆ ನುಂಗಿದರೆ ಸರಿಯಾಗಿ ಹಿಡಿಯುವುದಿಲ್ಲ. ಹೀಗಾಗಿ ಹಸಿವು, ಅಡುಗೆ, ಬಸ್ಸು ಎಲ್ಲವೂ ಮಾತ್ರೆಯ ಹಿಂದೆ ಸಾಲಾಗಿ ನಿಂತವು. ಹೆಜ್ಜೆ ಹಗುರಾಯಿತು, ನಿಜ. ಕೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಸುಮ್ಮನಿದ್ದ ಎಡಗೈ ಈಗ ನಡುಗಲು ಕಲಿಯಿತು. ಸೋಫಾದಲ್ಲಿ ಅದನ್ನು ತೊಡೆಯ ಕೆಳಗಿಟ್ಟು ಕೂರುತ್ತಿದ್ದೆ. ಕ್ಲಾಸಿನಲ್ಲಿ ಸೆರಗಿನೊಳಗೆ. ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗಿನ ಕೆಳಗೆ. ಒಳಗೆ ಏನೋ ಒಂದು ಸದಾ ಓಡುತ್ತಿತ್ತು. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ನಡೆಯುತ್ತಿದ್ದೆ. "ಎರಡು ನಿಮಿಷ ಕೂತ್ಕೋಬಾರ್ದಾ" ಎಂದು ನಮ್ಮ ಮನೆಯವರು ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಶಿವಲೀಲಾಗೆ ಮಾತ್ರ ಹೇಳಿದೆ, ಅವಳು ಮೊದಲೇ ನೋಡಿಬಿಟ್ಟಿದ್ದಳಲ್ಲ.

ಮುಖದ ವಿಷಯವನ್ನು ಡಾಕ್ಟರು ಅಂದೇ ಹೇಳಿದ್ದರು. "ಫೇಶಿಯಲ್ ಎಕ್ಸ್‌ಪ್ರೆಷನ್ ಸ್ವಲ್ಪ ಕಮ್ಮಿ ಆಗಬಹುದು." ಈ ವಯಸ್ಸಿನಲ್ಲಿ ನಾನೇನು ನಾಟಕದಲ್ಲಿ ಪಾರ್ಟು ಮಾಡಬೇಕಾ ಎಂದುಕೊಂಡು ಸುಮ್ಮನಾಗಿದ್ದೆ.

ಅದರ ಬೆಲೆ ತಿಳಿದದ್ದು ರತ್ನಮ್ಮನ ಮನೆಯಲ್ಲಿ.

ಆಟ ಬಿಟ್ಟ ಮೇಲೆ ಹೆಣ್ಣುಮಕ್ಕಳ ಗಾಯಗಳು ಏನಾಗುತ್ತವೆ ಎಂಬುದು ಆಗ ನನ್ನ ಸಂಶೋಧನೆ. ಹೊಸಕೆರೆಹಳ್ಳಿಯ ರತ್ನಮ್ಮ ಒಂದು ಕಾಲಕ್ಕೆ ಕಬಡ್ಡಿಯಲ್ಲಿ ಹೆಸರು ಮಾಡಿದವರು. ಈಗ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದರು. ಬಲಮಂಡಿ ಮಡಚುವುದಿಲ್ಲ, ಹೊಲಿಗೆಯ ಮಿಷನ್ನನ್ನು ಎಡಗಾಲಿನಲ್ಲಿ ಮಾತ್ರ ತುಳಿಯುತ್ತಿದ್ದರು. ಶಿವಲೀಲಾ ಟೇಪ್‌ರೆಕಾರ್ಡರ್ ಹಿಡಿದು ನನ್ನ ಪಕ್ಕ ಕೂತಿದ್ದಳು. ರತ್ನಮ್ಮ ಹುರುಪಿನಿಂದಲೇ ಶುರು ಮಾಡಿದರು. ಟೀಮು, ಊರೂರು ತಿರುಗಿದ್ದು, ರೈಲಿನಲ್ಲಿ ಹಾಡಿದ್ದು. ಮಂಡಿಯ ಮಾತು ಬಂತು. "ಅವತ್ತು ಏನಾಯ್ತು ಅಂದ್ರೆ..." ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಕಾದೆ. ಕಾಯುವುದನ್ನೇ ಅಲ್ಲವೇ ನಾನು ಕಲಿಸುವುದು. ಅವರು ಸೂಜಿಗೆ ದಾರ ಪೋಣಿಸತೊಡಗಿದರು. "ಹಳೇ ಕಥೆ ಬಿಡಿ ಮೇಡಂ. ಕಾಫಿ ಕುಡೀರಿ."

ಅದಕ್ಕೂ ಹಿಂದೆ ಅರೆಕೆರೆಯ ಒಬ್ಬ ಓಟಗಾರ್ತಿ ಹೀಗೇ ನಡುವೆ ಎದ್ದು ಕುಕ್ಕರ್ ನೋಡಲು ಹೋಗಿದ್ದರು. ಬಸ್‌ಸ್ಟಾಪಿನಲ್ಲಿ ನಾನು ಗೊಣಗುತ್ತಿದ್ದೆ. ಯಾರಿಗೂ ಮಾತಾಡುವ ವ್ಯವಧಾನವೇ ಇಲ್ಲ, ಪ್ರಶ್ನೆ ಬದಲಾಯಿಸಬೇಕೇನೋ.

"ಪ್ರಶ್ನಿ ಚಲೋ ಐತ್ರಿ ಮೇಡಂ" ಎಂದಳು ಶಿವಲೀಲಾ. ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ಎಳೆದಾಡಿದಳು. "ನಿಮ್ಮ ಮಾರಿ ನೋಡಿ ಅವ್ರು ಸುಮ್ನಾದ್ರು. ನಿಮಗ ಸಿಟ್ಟು ಬಂದಂಗ ಕಾಣ್ತೈತ್ರಿ. ಕ್ಲಾಸಿನ್ಯಾಗೂ ಹಂಗ. ನಾವೆಲ್ಲಾ ಏನರ ತಪ್ಪು ಮಾಡೀವೇನೋ ಅಂತ ಅಂಜ್ತೀವಿ."

ನಾನು ರತ್ನಮ್ಮನ ಮಾತು ಕೇಳುತ್ತಾ ಕರಗಿಹೋಗಿದ್ದೆ. ಹೊರಗೆ ಸಿಟ್ಟಿನ ಮುಖ ಕೂತಿತ್ತು.

ನಾನು ಯಾವ ಹೊಸ ಬ್ಯಾಚಿಗೂ ಮೊದಲು ಹೇಳುತ್ತಿದ್ದುದು ಒಂದೇ ಮಾತು. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಎದುರಿನವರು ಉತ್ತರ ಹೇಳುವುದು ನಿಮ್ಮ ಮುಖಕ್ಕೆ. ಹುಬ್ಬು ಸ್ವಲ್ಪ ಎತ್ತಿದರೆ ಇನ್ನೂ ಹೇಳುತ್ತಾರೆ, ಕಣ್ಣು ತಪ್ಪಿಸಿದರೆ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ನಾನು ದುಡಿದದ್ದೇ ಆ ಮುಖದಿಂದ. ಕಾಲು ಹೋದರೆ ಕೋಲು ಹಿಡಿಯಬಹುದು. ಇದಕ್ಕೆ ಏನು ಹಿಡಿಯುವುದು? ಜನ ನನ್ನೆದುರು ಬಾಯಿ ಬಿಡದಿದ್ದರೆ ನನ್ನ ಕೆಲಸವೇ ಇಲ್ಲ. ನನಗೆ ಆ ದಿನ ಆದ ಭಯ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಕನ್ನಡಿಯ ಮುಂದೆ ಅಭ್ಯಾಸ ಶುರು ಮಾಡಿದೆ. ಹುಬ್ಬು ಎತ್ತು, ಇಳಿಸು. ಕೆನ್ನೆ ಉಬ್ಬಿಸು. ನಗು. "ಯಾಕೆ ಹಾಗೆ ಹಲ್ಲು ಬಿಡ್ತಿದೀಯ?" ಎಂದು ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಪಕ್ಕದಲ್ಲಿ ಬಂದು ನಿಂತು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ತಾವೂ ಹುಬ್ಬು ಎತ್ತಿದರು. ಇನ್ಶೂರೆನ್ಸ್ ಆಫೀಸಿನ ಗಂಭೀರ ಮನುಷ್ಯ. ಇಬ್ಬರೂ ಹುಬ್ಬು ಕುಣಿಸುತ್ತಾ ನಿಂತೆವು. ನನಗೆ ಅಳು ಬಂತು. ಅದು ಮಾತ್ರ ಮುಖದ ಮೇಲೆ ಸಲೀಸಾಗಿ ಬರುತ್ತಿತ್ತು.

ಅಭ್ಯಾಸದ ನಗು ಕ್ಲಾಸಿನಲ್ಲಿ ಇನ್ನೂ ಕೆಟ್ಟದಾಯಿತು. ಮಕ್ಕಳು ತಲೆ ತಗ್ಗಿಸಿ ಕೂತರು. ಅದೇ ವಾರ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯವರು, ವಿಷಯ ಗೊತ್ತಿಲ್ಲದವರು. "ಮಕ್ಕಳು ನಿಮ್ಮನ್ನ ಕಂಡ್ರೆ ಹೆದರ್ತಾರಂತೆ ಮೇಡಂ. ಬೋರ್ಡ್ ಮೇಲಿನ ಅಕ್ಷರಾನೂ ತೀರಾ ಸಣ್ಣದಾಗಿ ಹಿಂದಿನವರಿಗೆ ಕಾಣಲ್ವಂತೆ. ಮುಂದಿನ ವರ್ಷ ಆ ಪೇಪರ್ ಬೇರೆಯವರಿಗೆ ಕೊಡೋಣ್ವಾ? ನಿಮಗೂ ರೆಸ್ಟ್."

ರೆಸ್ಟ್! ಆ ಪದ ಕೇಳಿದರೆ ಈಗಲೂ ಎದ್ದು ಓಡಾಡಬೇಕು ಅನ್ನಿಸುತ್ತದೆ. "ಈ ಇಂಟರ್‌ವ್ಯೂಗಳು ಮುಗೀಲಿ ಸಾರ್, ನಾನೇ ಹೇಳ್ತೀನಿ" ಎಂದು ಬಂದೆ. ರತ್ನಮ್ಮ ಇನ್ನೊಮ್ಮೆಯೂ ಬಾಯಿ ಬಿಡದಿದ್ದರೆ ಪೇಪರು ಬಿಟ್ಟುಕೊಡುವುದು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಮತ್ತೆ ಹೊಸಕೆರೆಹಳ್ಳಿ. ಶಿವಲೀಲಾ ರೆಕಾರ್ಡರ್ ಒತ್ತುವ ಮೊದಲೇ ನಾನು ಮಾತಾಡಿದೆ. ಹೊರಡುವಾಗ ಹೊಂದಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತು ಹೋಗಿದ್ದವು.

"ರತ್ನಮ್ಮ, ನನಗೊಂದು ಕಾಯಿಲೆ ಇದೆ. ಮುಖ ಅಲ್ಲಾಡಲ್ಲ. ಹೋದ ಸಲ ನೀವು ಹೇಳಿದ್ದಕ್ಕೆ ನನಗೆ ಬೇಜಾರಾಗಿರಲಿಲ್ಲ. ತುಂಬಾ ಕೇಳ್ಬೇಕು ಅಂತ ಇತ್ತು. ಅದು ಮುಖಕ್ಕೆ ಬರಲ್ಲ, ಅಷ್ಟೇ."

ಅವರು ಕತ್ತರಿ ಕೆಳಗಿಟ್ಟರು. ಎದುರು ಟೀಮಿನ ಆಟಗಾರ್ತಿಯನ್ನು ಅಳೆಯುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೆರಗಿನೊಳಗೆ ಏನದು?"

"ಕೈ. ಅದೂ ಅದೇ ಕಾಯಿಲೆ. ನಡುಗುತ್ತೆ."

"ನಡುಗಿದ್ರೆ ನಡುಗ್ಲಿ, ಹೊರಗೆ ಇಡಿ. ಸೆಖೆ ಬೇರೆ."

ಕೈಯನ್ನು ಹೊರಗೆ ತೆಗೆದು ಸ್ಟೂಲಿನ ಮೇಲೆ, ಅವರು ಕೊಟ್ಟ ನೀರಿನ ಲೋಟದ ಪಕ್ಕ ಇಟ್ಟೆ. ಯಾರ ಮನೆಯಲ್ಲೂ ಹಾಗೆ ಇಟ್ಟಿರಲಿಲ್ಲ. ರತ್ನಮ್ಮ ಶುರು ಮಾಡಿದರು. ಆಯ್ಕೆ ಪಂದ್ಯದ ಹಿಂದಿನ ದಿನವೇ ಮಂಡಿ ಊದಿತ್ತಂತೆ. ಹೇಳಿದರೆ ಟೀಮಿನಿಂದ ತೆಗೆಯುತ್ತಾರೆಂದು ಯಾರಿಗೂ ಹೇಳದೆ, ಹಳೆಯ ಸೀರೆ ಹರಿದು ಬಿಗಿಯಾಗಿ ಸುತ್ತಿ, ಮೇಲೆ ಪ್ಯಾಂಟು ಹಾಕಿಕೊಂಡು ಇಳಿದರಂತೆ. ಎಲ್ಲರೂ ಶಾರ್ಟ್ಸ್‌ನಲ್ಲಿ, ಇವರು ಮಾತ್ರ ಪ್ಯಾಂಟಿನಲ್ಲಿ. ನಾಚಿಕೆ ಅಂತ ಎಲ್ಲರೂ ಚುಡಾಯಿಸಿದರಂತೆ. ರೇಡಿಗೆ ಹೋದವರು ತಿರುಗುವಾಗ ಮಂಡಿಯೊಳಗೆ ಸದ್ದಾಯಿತು. "ಒಣ ಕಡ್ಡಿ ಮುರಿದ ಹಾಗೆ ಮೇಡಂ. ಬೇರೆ ಯಾರಿಗೂ ಕೇಳಿಸ್ಲಿಲ್ಲ. ನನಗೊಬ್ಬಳಿಗೇ."

ಸ್ಟೂಲಿನ ಮೇಲೆ ಟಣಟಣ ಎಂದಿತು. ನನ್ನ ಬೆರಳುಗಳು ಲೋಟಕ್ಕೆ ಬಡಿಯುತ್ತಿದ್ದವು. ಮನಸ್ಸಿಗೆ ತಾಕಿದರೆ ಈ ನಡುಕ ಜೋರಾಗುತ್ತದೆ, ಡಾಕ್ಟರು ಹೇಳಿದ್ದರು. ರತ್ನಮ್ಮ ಮಾತು ನಿಲ್ಲಿಸಿದರು. ಮತ್ತೆ ಕೆಡಿಸಿದೆ ಎಂದುಕೊಂಡು ಕೈಯನ್ನು ಎಳೆದುಕೊಳ್ಳಲು ಹೋದೆ.

"ಅಲ್ಲೇ ಇರ್ಲಿ" ಎಂದರು ಅವರು. "ಹೋದ ಸಲ ಮುಖ ನೋಡ್ಕೊಂಡು ಹೇಳ್ದೆ, ಸುಮ್ನಾದೆ. ಈಗ ಕೈ ನೋಡ್ಕೊಂಡು ಹೇಳ್ತೀನಿ."

ಹೇಳಿದರು. ಕ್ಯಾಸೆಟ್ಟಿನ ಎರಡು ಬದಿಯೂ ತುಂಬಿತು. ನಾನು ಆ ಕೋಣೆಯಲ್ಲಿ ಒಮ್ಮೆಯೂ ಎದ್ದು ಓಡಾಡಲಿಲ್ಲ ಎಂಬುದು ಹೊರಗೆ ಬಂದ ಮೇಲೆ ಗೊತ್ತಾಯಿತು.

ಈ ವರ್ಷ ಪೇಪರು ನನ್ನ ಹತ್ತಿರವೇ ಇದೆ. ಪ್ರಿನ್ಸಿಪಾಲರಿಗೆ ಹೇಳಿದ್ದೇನೆ, ಮಕ್ಕಳಿಗೂ ಹೇಳಿದ್ದೇನೆ. ಬೋರ್ಡಿನ ಮೇಲೆ ಅವರೇ ಬರೆಯುತ್ತಾರೆ. ಮುಂದಿನ ವರ್ಷ ಏನೋ ಗೊತ್ತಿಲ್ಲ. ಮಾತ್ರೆ ಹಿಡಿಯುವ ಹೊತ್ತು ಕಡಿಮೆಯಾಗುತ್ತಿದೆ, ಡಾಕ್ಟರು ಡೋಸು ಏರಿಸಿದ್ದಾರೆ. ಸಮಾಧಾನ ಬಂದಿದೆ ಅಂದರೆ ಸುಳ್ಳು. ಇದನ್ನು ಬರೆಯುವಾಗಲೂ ನಾಲ್ಕು ಸಲ ಎದ್ದಿದ್ದೇನೆ. ಆದರೆ ಕೈಯನ್ನು ಈಗ ಎಲ್ಲೂ ಬಚ್ಚಿಡುವುದಿಲ್ಲ.

ಮೊನ್ನೆ ಶಿವಲೀಲಾ ರತ್ನಮ್ಮನ ಕ್ಯಾಸೆಟ್ ಕೇಳಿ ಬರೆದುಕೊಳ್ಳುತ್ತಿದ್ದಳು. ನಗು, ಕೆಮ್ಮು, ಮೌನ, ಟೇಪಿನಲ್ಲಿ ಕೇಳಿದ್ದೆಲ್ಲವನ್ನೂ ಬರೆಯಬೇಕೆಂದು ಕಲಿಸಿದವಳು ನಾನೇ. ಹೆಡ್‌ಫೋನ್ ತೆಗೆದು ಕೇಳಿದಳು.

"ಮೇಡಂ, ಇಲ್ಲಿ ಲೋಟ ಬಡಿಯೂ ಸಪ್ಪಳ ಐತ್ರಿ. ಏನಂತ ಬರೀಲಿ?"

"ಲೋಟದ ಸದ್ದು ಅಂತ ಬರಿ."

"ಯಾಕ ಬಡೀತು ಅಂತ ಬ್ಯಾಡೇನ್ರಿ?"

ಕಂಡದ್ದು ಮಾತ್ರ, ಅರ್ಥ ಬೇಡ. ನಿಯಮ ನಿಯಮವೇ.

"ಬೇಡ" ಎಂದೆ. "ರತ್ನಮ್ಮಂಗೆ ಗೊತ್ತಾಯ್ತಲ್ಲ, ಸಾಕು."

ಶಿವಲೀಲಾ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈ ನೋಡಿದಳು, ನಕ್ಕಳು, ಮತ್ತೆ ಹೆಡ್‌ಫೋನ್ ಹಾಕಿಕೊಂಡಳು.