ತಾರವ್ವನಿಗೆ ತಂದ ಉಡಿ

ಉಣಕಲ್ಲಿನ ರೊಟ್ಟಿ ಕೇಂದ್ರದಲ್ಲಿ ಬಾಳವ್ವನ ರೊಟ್ಟಿ ಉಳಿದವರದ್ದಕ್ಕಿಂತ ತುಸು ದಪ್ಪವೇ ಬರುತ್ತಿತ್ತು. ಆದರೂ ಅವಳು ಒಂದು ದಿನ ಬಾರದಿದ್ದರೆ ಉಳಿದ ಹೆಂಗಸರಿಗೆ ಕೈ ಓಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಅವಳ ಬಾಯಿ.

ಬಾಳವ್ವ ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಗಂಡ ಶಾಂತಯ್ಯ ಶ್ರಾವಣ ಬಂದರೆ ಅವಳನ್ನು ಮಠದ ಪುರಾಣಕ್ಕೆ ಕರೆದೊಯ್ಯುತ್ತಿದ್ದ. ತಾನು ಕಂಬಕ್ಕೆ ಒರಗಿ ನಿದ್ದೆ ಹೊಡೆದು, ಮನೆಗೆ ಬಂದ ಮೇಲೆ ಅವಳಿಂದ ಪೂರ್ತಿ ಕಥೆ ಹೇಳಿಸಿಕೊಳ್ಳುತ್ತಿದ್ದ. ಅವನು ತೀರಿಹೋದ ಮೇಲೆ ಅವಳ ಕಥೆ ಕೇಳಲು ಯಾರೂ ಇಲ್ಲದಂತಾಯಿತು. ಆಗ ಮೊಮ್ಮಗಳು ವಾಣಿಶ್ರೀ ಮೂರು ಸಂಪುಟದ ಮಾಯಾಲೋಕದ ಕಾದಂಬರಿಯೊಂದನ್ನು ಹಿಡಿದಳು. ಸಂಜೆ ಅವಳು ಅಜ್ಜಿಗೆ ಓದಿ ಹೇಳುವುದು, ಮರುದಿನ ಬಾಳವ್ವ ರೊಟ್ಟಿ ಬಡಿಯುತ್ತ ಅದನ್ನೇ ಹೆಂಗಸರಿಗೆ ಹೇಳುವುದು.

ಕಥೆಯ ನಾಯಕಿ ತಾರಿಣಿ, ಕುರಿ ಕಾಯುವ ಹುಡುಗಿ. ಕತ್ತಲ ದೊರೆಯಿಂದ ನಾಡು ಉಳಿಸಲು ಬೆಟ್ಟದ ಮೇಲಿನ ಗಂಟೆ ತಾನಾಗಿಯೇ ಮೊಳಗಿ ಅವಳನ್ನು ಆರಿಸಿತ್ತು. ಬಾಳವ್ವನ ಬಾಯಲ್ಲಿ ಅವಳು ತಾರವ್ವನಾದಳು, ಯುದ್ಧಕ್ಕೆ ಹೊರಡುವಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಬೆಂಕಿ ಉಗುಳುವ ಸರ್ಪದ ರೆಕ್ಕೆ ಮೊರದಷ್ಟು ಅಗಲ ಎಂದಾಗ, ಪಕ್ಕದಲ್ಲಿ ಕೂತ ಸಾವಂತ್ರೆವ್ವ ಹಂಗಾದರ ಅದು ಕೋಳಿ ಬಿಡು ಎಂದಳು. ಮರುದಿನ ರೆಕ್ಕೆ ಬಸ್ಸಿನಷ್ಟಾಯಿತು.

ಮೂರನೆಯ ಸಂಪುಟ ಮುಗಿಯಲು ಬಂದಾಗ ಸಾವಂತ್ರೆವ್ವನೇ ಮುಂದಾಗಿ, ಪುರಾಣ ಮುಗಿದರೆ ಮಂಗಲ ಮಾಡಬೇಕಲ್ಲ ಎಂದಳು. ಸೋಮವಾರ ಎಂದು ಗೊತ್ತಾಯಿತು. ಗೋದಿ ಹುಗ್ಗಿ ಮಾಡುವುದು, ತಾರವ್ವ ಪಟ್ಟಕ್ಕೆ ಕೂತ ಕೂಡಲೇ ಅವಳ ಹೆಸರಿನಲ್ಲಿ ಪುಸ್ತಕಕ್ಕೆ ಉಡಿ ತುಂಬುವುದು. ಪುರಾಣದ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಇದರ ಕೊನೆ ಯಾರಿಗೂ ಗೊತ್ತಿಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಸಂಜೆ ವಾಣಿಶ್ರೀ ಕೊನೆಯ ಪುಟ ಓದಿದಳು. ತಾರಿಣಿ ಕತ್ತಲ ದೊರೆಯನ್ನು ಸುಟ್ಟಳು, ಅದೇ ಬೆಂಕಿಯಲ್ಲಿ ತಾನೂ ಹೋದಳು. ಇನ್ನೊಂದು ಹಾಳೆ ಅಂಟಿಕೊಂಡಿರಬೇಕು, ನೋಡು ಎಂದಳು ಬಾಳವ್ವ. ಇರಲಿಲ್ಲ. ಪಟ್ಟಕ್ಕೆ ಕೂತಳು ಅಂತ ಹೇಳಿಬಿಡು ಆಯಿ, ಅವರೇನು ಓದಿ ನೋಡತಾರ ಎಂದು ಮೊಮ್ಮಗಳು ದಾರಿ ತೋರಿಸಿದಳು. ರೆಕ್ಕೆ ಹಿಗ್ಗಿಸುವುದು ಬೇರೆ, ಸತ್ತವಳನ್ನು ಪಟ್ಟಕ್ಕೆ ಕೂರಿಸುವುದು ಬೇರೆ ಎನಿಸಿತು ಬಾಳವ್ವನಿಗೆ. ಆದರೆ ಖರೇ ಹೇಳಿದರೆ ಮಂಗಲ ಕೆಡುತ್ತದೆ, ಹೆಂಗಸರು ಇನ್ನೆಂದೂ ತನ್ನ ಕಥೆಗೆ ಕಿವಿ ಕೊಡಲಿಕ್ಕಿಲ್ಲ.

ಸೋಮವಾರ ಹುಗ್ಗಿ ಕುದಿಯುತ್ತಿತ್ತು. ಸಾವಂತ್ರೆವ್ವ ಮೊರದಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಹಸಿರು ಖಣ ಜೋಡಿಸಿಟ್ಟಿದ್ದಳು. ಬಾಳವ್ವ ಬೆಟ್ಟ ಹತ್ತಿಸಿದಳು, ಯುದ್ಧ ಮಾಡಿಸಿದಳು, ಕತ್ತಲ ದೊರೆಯನ್ನು ಎರಡು ಸಲ ಸಾಯಿಸಿದಳು. ಆಮೇಲೆ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

"ಮುಂದ ಹೇಳಬೇ. ಆಕಿ ತಿರುಗಿ ಬಂದ್ಲೋ ಇಲ್ಲೋ?" ಎಂದಳು ಸಾವಂತ್ರೆವ್ವ.

ಬಾಳವ್ವ ಹಂಚನ್ನೇ ನೋಡುತ್ತ ಹೇಳಿದಳು. "ಇಲ್ಲವಾ. ಎಲ್ಲಾರನ್ನೂ ಉಳಿಸಿದ್ಲು, ತಾ ಉಳೀಲಿಲ್ಲ."

ರೊಟ್ಟಿ ಹೊತ್ತಿದರೂ ಯಾರೂ ತಿರುವಿ ಹಾಕಲಿಲ್ಲ. ಒಬ್ಬಿಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡರು. ಸಾವಂತ್ರೆವ್ವನಿಗೆ ಮಾತ್ರ ಸಿಟ್ಟು ಬಂತು. ಬರೆದವರ ಮನ್ಯಾಗ ಹೆಣ್ಣುಮಕ್ಕಳಿಲ್ಲೇನು ಎಂದು ಬೈದಳು. ತಂದ ಉಡಿಯನ್ನು ತಿರುಗಿ ಒಯ್ಯಬಾರದು ಎಂದು ಗೊಣಗಿದಳು. ಕೊನೆಗೆ ಮೊರ ಎತ್ತಿಕೊಂಡು ನೆಟ್ಟಗೆ ಬಾಳವ್ವನ ಮುಂದೆ ಬಂದು ನಿಂತಳು.

"ಸೆರಗ ಹಿಡಿ."

ಬಾಳವ್ವ ಹಿಂದೆ ಸರಿದಳು. ಶಾಂತಯ್ಯ ಹೋದ ಮೇಲೆ ಅವಳ ಉಡಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ.

"ನನಗ ಹೆಂಗ ತುಂಬತೀಯವಾ? ನಾ ಗಂಡ ಇಲ್ಲದಾಕಿ."

"ತಾರವ್ವಗ ಎಲ್ಲಿದ್ದ ಗಂಡ?"

ಮೂಗು ಒರೆಸಿಕೊಳ್ಳುತ್ತಿದ್ದವರೇ ಮೊದಲು ನಕ್ಕರು. ಹಿಟ್ಟಿನ ಕೈಯಲ್ಲೇ ಬಾಳವ್ವ ಸೆರಗು ಹಿಡಿದಳು.

ಸಂಜೆ ಅವಳು ಉಡಿ ಬಿಚ್ಚದೆ ಮನೆಗೆ ಹೊರಟಳು. ಕೊಬ್ಬರಿ ಬಟ್ಟಲು ಹೊಟ್ಟೆಗೆ ಬಡಿಯುತ್ತಿತ್ತು. ಓಣಿಯ ಮಕಬೂಲಸಾಬ ಆಟೋ ನಿಲ್ಲಿಸಿ, ಹತ್ತರಿ ಆಯಿ, ಬಿಟ್ಟ ಹೋಗತೇನಿ ಎಂದ.

"ಬ್ಯಾಡೋ ಯಪ್ಪಾ, ನಡಕೋತ ಹೋಗತೇನಿ," ಎಂದಳು ಬಾಳವ್ವ. "ನಾಕ ಮಂದಿ ನೋಡ್ಲಿ."